ಹನಿ ಪೈಪಿನ ಹಿಂದಿನ ವಲಸೆ

ಶಿಡ್ಲಘಟ್ಟದ ಹಿಪ್ಪುನೇರಳೆ ತೋಟದಲ್ಲಿ ತ್ರೀ ಫೇಸ್ ಕರೆಂಟು ಬಂದು ಬೋರು ಓಡಿದರೆ ಸಾಕು, ಡ್ರಿಪ್ ಪೈಪು ಬಿಗಿಯಾಗಿ ಗಿಡದ ಬುಡದಲ್ಲಿ ಅಂಗೈಯಗಲ ಮಣ್ಣು ಒದ್ದೆಯಾಗುತ್ತದೆ. ಡ್ರಿಪ್ಪರಿನೊಳಗೆ ಅಂಕುಡೊಂಕಾದ ಪುಟ್ಟ ಹಾದಿಯಿದೆ. ಅದರಲ್ಲಿ ಸುತ್ತಿ ರಭಸ ಕಳೆದುಕೊಂಡ ನೀರು ಹನಿಯಾಗಿ ಬೀಳುತ್ತದೆ. ಕಸ ಕಟ್ಟಿದಾಗ ರೈತರು ತುದಿಯ ಮುಚ್ಚಳ ಬಿಚ್ಚಿ ಪೈಪು ತೊಳೆಯುತ್ತಾರೆ. ಚಿಂತಾಮಣಿಯ ಟೊಮೆಟೊ, ಚಿಕ್ಕಬಳ್ಳಾಪುರದ ದ್ರಾಕ್ಷಿ, ಗೌರಿಬಿದನೂರಿನ ತರಕಾರಿಗೂ ಇದೇ ಆಸರೆ. ಈ ಪೈಪಿನ ಮೂಲ ಹುಡುಕುತ್ತಾ ಹೋದರೆ ಯಹೂದಿಗಳ ವಲಸೆಯ ಚರಿತ್ರೆಗೇ ಬಂದು ಮುಟ್ಟುತ್ತೇವೆ.

ರಷ್ಯಾದಲ್ಲಿ ಹತ್ಯಾಕಾಂಡಗಳು ನಡೆದ ಮೇಲೆ, 1882ರಿಂದ ಯಹೂದಿಗಳು ತಂಡ ತಂಡವಾಗಿ ಪ್ಯಾಲೆಸ್ಟೀನಿಗೆ ಹೊರಟರು. ಅವರಿಗೊಂದು ರಾಷ್ಟ್ರೀಯ ನೆಲೆ ಒದಗಿಸಲು ನೆರವಾಗುವುದಾಗಿ 1917ರಲ್ಲಿ ಬ್ರಿಟನ್ ಘೋಷಿಸಿತು. ಮರುವರ್ಷ ಸೆಪ್ಟೆಂಬರ್ 23ರಂದು ತುರ್ಕರಿಂದ ಹೈಫಾ ನಗರವನ್ನು ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರೂ ಇದ್ದರು. ಆಗ ಮೇಲೆ ಹೇಳಿದ ನಾಲ್ಕೂ ಊರುಗಳು ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಯಲ್ಲಿದ್ದವು. ಮುಂದೆ ವಲಸಿಗರ ಹಡಗುಗಳು ಬಂದು ನಿಂತದ್ದು ಅದೇ ಹೈಫಾದಲ್ಲಿ.

ಹಿಟ್ಲರನ ಕಾಲದಲ್ಲಿ ಓಡಿಬರುವವರ ಸಂಖ್ಯೆ ಏರಿತು. ಆದರೆ 1939ರಲ್ಲಿ ಬ್ರಿಟನ್ ಐದು ವರ್ಷಕ್ಕೆ 75,000 ಜನರೆಂದು ಮಿತಿ ಹಾಕಿತು. ತೀರಾ ಬೇಕಾದ ಹೊತ್ತಿನಲ್ಲೇ ಬಾಗಿಲು ಮುಚ್ಚಿದ ಆ ನಿರ್ಧಾರ ಅಕ್ಷಮ್ಯ. ಪೋಲೆಂಡಿನಿಂದ ತಪ್ಪಿಸಿಕೊಂಡು, ಸೋವಿಯತ್ ನೆಲದಲ್ಲಿ ಹಸಿವು, ರೋಗಗಳಿಗೆ ಹೆತ್ತವರನ್ನು ಕಳೆದುಕೊಂಡ ನೂರಾರು ಮಕ್ಕಳು ಟೆಹರಾನಿನ ಶಿಬಿರ ಸೇರಿದ್ದರು. ಅವರಲ್ಲಿ ಸುಮಾರು 700 ಮಕ್ಕಳನ್ನು ಆಗ ಭಾರತದಲ್ಲೇ ಇದ್ದ ಕರಾಚಿಗೆ ಹಡಗಿನಲ್ಲಿ ತಂದು, ಅಲ್ಲಿಂದ ಸೂಯೆಜ್‌ಗೆ ಸಾಗಿಸಿದರು. 1943ರ ಫೆಬ್ರುವರಿಯಲ್ಲಿ ರೈಲು ಅವರನ್ನು ಹೈಫಾದ ದಕ್ಷಿಣಕ್ಕಿರುವ ಅತ್ಲಿತ್‌ಗೆ ಮುಟ್ಟಿಸಿತು. 'ಟೆಹರಾನಿನ ಮಕ್ಕಳು' ಎಂದೇ ಅವರು ಹೆಸರಾದರು. 1946ರ ಅಕ್ಟೋಬರಿನಲ್ಲಿ ನೆಗೆವ್ ಮರುಭೂಮಿಯಲ್ಲಿ ಹಾಟ್ಜೆರಿಮ್ ಎಂಬ ಸಾಮುದಾಯಿಕ ಗ್ರಾಮ ಕಟ್ಟಿದ ಯುವಕರಲ್ಲಿ ಈ ಮಕ್ಕಳಲ್ಲಿ ಕೆಲವರೂ ಇದ್ದರು. ನೆಲವೋ ಬರೀ ಚೌಳು.

1948ರಲ್ಲಿ ಇಸ್ರೇಲ್ ಹುಟ್ಟಿತು. ಆ ಹೊತ್ತಿನ ಯುದ್ಧದಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ಮನೆಮಠ ಕಳೆದುಕೊಂಡು ನಿರಾಶ್ರಿತರಾದರು. ಒಂದು ನೋವನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಈ ಚರಿತ್ರೆಗೆ ನ್ಯಾಯ ಸಲ್ಲದು.

ವಾರ್ಸಾದಿಂದ ವಲಸೆ ಬಂದ ಎಂಜಿನಿಯರ್ ಸಿಮ್ಖಾ ಬ್ಲಾಸ್, ಸೋರುವ ನಲ್ಲಿಯ ಪಕ್ಕದ ಮರವೊಂದು ಉಳಿದವುಗಳಿಗಿಂತ ಹುಲುಸಾಗಿ ಬೆಳೆದದ್ದನ್ನು 1930ರ ದಶಕದಲ್ಲಿ ಗಮನಿಸಿದ್ದರು. ಅದನ್ನು ಡ್ರಿಪ್ಪರಾಗಿಸಲು ಪ್ಲಾಸ್ಟಿಕ್ ಬರುವವರೆಗೆ ಕಾಯಬೇಕಾಯಿತು. 1965ರಲ್ಲಿ ಹಾಟ್ಜೆರಿಮ್ ಗ್ರಾಮದವರು ಅವರೊಡನೆ ಕೈಜೋಡಿಸಿ ನೆಟಾಫಿಮ್ ಕಂಪನಿ ಕಟ್ಟಿದರು. ಬೇರೆ ಬೇರೆ ಕಂಪನಿಗಳ ಡ್ರಿಪ್ ಈಗ ನಮ್ಮ ಹೊಲಗಳಲ್ಲಿದೆ.

ಇಸ್ರೇಲಿನಲ್ಲಿ 1955ರ ಕಾನೂನು ನೀರನ್ನು ಅಳೆದು ಕೊಡಬೇಕೆಂದಿತು, 1959ರ ಕಾನೂನು ಅಂತರ್ಜಲವನ್ನೂ ಸಾರ್ವಜನಿಕ ಸ್ವತ್ತು ಮಾಡಿತು. ನಾವು ಪೈಪು ತಂದೆವು, ಆ ಲೆಕ್ಕ ತರಲಿಲ್ಲ. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಈ ಸೀಮೆಯಲ್ಲಿ ಸಾವಿರ ಅಡಿ ದಾಟಿದ ಬೋರುಗಳ ನೀರಿಗೂ ಅಳತೆ ಬರಲಿ. ಅದನ್ನು ರೈತರ ಮೇಲೆ ಹೇರದೆ, ಊರಿನವರೇ ಕೂತು ತೀರ್ಮಾನಿಸಲಿ.