ಪಹಣಿ ತಿದ್ದುವ ಕೋರ್ಟು

ಸರ್ಕಾರಿ ಅಧಿಕಾರಿಯ ಆದೇಶವನ್ನು ಎತ್ತಿಹಿಡಿಯುವ, ತಿದ್ದುವ ಇಲ್ಲವೇ ರದ್ದುಪಡಿಸುವ ಅಧಿಕಾರ ಹಳ್ಳಿಯ ಜನರ ಅನುಭವಕ್ಕೆ ಬರುವುದು ಹೆಚ್ಚಾಗಿ ಕಂದಾಯ ನ್ಯಾಯಾಲಯಗಳಲ್ಲಿ. ಇಲ್ಲಿ ತೀರ್ಪು ಕೊಡುವವರೂ ಆಡಳಿತದ ಅಧಿಕಾರಿಗಳೇ. ಹಿಂದೆ ನಿಜಾಮರ ಕಂದಾಯ ಕಾನೂನಿಗೆ ಒಳಪಟ್ಟಿದ್ದ ಕೊಪ್ಪಳ ಸೀಮೆಗೆ ಈಗ ಅನ್ವಯಿಸುವುದು 1964ರ ಕರ್ನಾಟಕ ಭೂಕಂದಾಯ ಕಾಯ್ದೆ.

ಕನಕಗಿರಿ ತಾಲ್ಲೂಕಿನ ನವಲಿಯಲ್ಲಿ ಒಂದು ಹೊಲದ ಮ್ಯುಟೇಷನ್‌ಗೆ, ಅಂದರೆ ಪಹಣಿಯಲ್ಲಿ ಹೆಸರು ಬದಲಿಸುವುದಕ್ಕೆ, ಅಣ್ಣತಮ್ಮಂದಿರಲ್ಲಿ ಒಬ್ಬರು ತಕರಾರು ಹಾಕಿದರೆನ್ನಿ. ತಹಸೀಲ್ದಾರರು ವಿಚಾರಣೆ ನಡೆಸಿ ಆದೇಶ ಮಾಡುತ್ತಾರೆ. ಅದು ಒಪ್ಪಿಗೆಯಾಗದವರು ಕಾಯ್ದೆಯ 136(2)ನೇ ಕಲಮಿನಡಿ 60 ದಿನಗಳೊಳಗೆ ಕೊಪ್ಪಳದ ಉಪವಿಭಾಗಾಧಿಕಾರಿಗೆ, ಅಂದರೆ ಜನ ಕರೆಯುವ ಎ.ಸಿ. ಕೋರ್ಟಿಗೆ, ಮೇಲ್ಮನವಿ ಸಲ್ಲಿಸಬಹುದು. ಅದರ ಮೇಲೆ 136(3)ರಡಿ ಜಿಲ್ಲಾಧಿಕಾರಿಯ ಪುನರೀಕ್ಷಣಾ ಅಧಿಕಾರವಿದೆ. ಯಾರೂ ಅರ್ಜಿ ಕೊಡದಿದ್ದರೂ ಅವರು ತಾವಾಗಿಯೇ ಕಡತ ತರಿಸಿಕೊಂಡು ನೋಡಬಹುದು. ಜಿಲ್ಲಾಧಿಕಾರಿಯೇ ಮೊದಲ ಹಂತದಲ್ಲಿ ಮಾಡಿದ ಹಲವು ಆದೇಶಗಳ ಮೇಲ್ಮನವಿ ಬೆಂಗಳೂರಿನ ಕರ್ನಾಟಕ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗುತ್ತದೆ. ಇವೆಲ್ಲದರ ಮೇಲೆ ಸಂವಿಧಾನದ 226 ಮತ್ತು 227ನೇ ವಿಧಿಗಳ ಅಧಿಕಾರವುಳ್ಳ ಹೈಕೋರ್ಟ್ ಇದೆ. ಕೊಪ್ಪಳ ಜಿಲ್ಲೆ ಕಂದಾಯಕ್ಕೆ ಕಲಬುರಗಿ ವಿಭಾಗಕ್ಕೆ ಸೇರಿದ್ದರೂ ಹೈಕೋರ್ಟಿನ ಕೆಲಸಕ್ಕೆ ಧಾರವಾಡ ಪೀಠಕ್ಕೇ ಹೋಗಬೇಕು.

ಈ ಅಧಿಕಾರ ದೊಡ್ಡದು, ಆದರೆ ಅದಕ್ಕೆ ಕಟ್ಟುಪಾಡುಗಳಿವೆ. ಎದುರಿನವರಿಗೆ ನೋಟಿಸ್ ಕೊಟ್ಟು ಅವರ ಮಾತು ಕೇಳದೆ ಆದೇಶ ಬದಲಿಸುವಂತಿಲ್ಲ. ಇಲಾಖೆಯ ಆದೇಶವನ್ನು ಇಲಾಖೆಯವರೇ ಪರಿಶೀಲಿಸುವ ವ್ಯವಸ್ಥೆಯಲ್ಲಿ ರೈತನಿಗಿರುವ ಮುಖ್ಯ ರಕ್ಷಣೆ ಈ ನೋಟಿಸು ಮತ್ತು ಬರಹದಲ್ಲಿ ಕೊಡುವ ಕಾರಣಗಳೇ. ಇವೆರಡರಲ್ಲಿ ಲೋಪವಾದರೆ ಆದೇಶ ಹೈಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಕಾಲಮಿತಿ ಹೇಳದ ಪುನರೀಕ್ಷಣೆಯನ್ನೂ ಸಮಂಜಸ ಅವಧಿಯೊಳಗೇ ನಡೆಸಬೇಕೆಂದು ಸುಪ್ರೀಂ ಕೋರ್ಟ್ 1969ರಲ್ಲಿ, ಗುಜರಾತಿನ ಪ್ರಕರಣವೊಂದರಲ್ಲಿ, ಹೇಳಿತು. ಎಷ್ಟೋ ವರ್ಷಗಳ ಹಿಂದಿನ ನಮೂದನ್ನು ಏಕಾಏಕಿ ಕೆದಕುವುದಕ್ಕೆ ಇದು ತಡೆ.

ಇನ್ನೊಂದು ಮಿತಿಯನ್ನು ಬಹಳ ಜನ ಮರೆಯುತ್ತಾರೆ. ಕಂದಾಯ ನ್ಯಾಯಾಲಯ ತಿದ್ದುವುದು ಪಹಣಿಯ ಹೆಸರನ್ನು; ಹೊಲದ ಒಡೆತನವನ್ನಲ್ಲ. 133ನೇ ಕಲಮಿನ ಪ್ರಕಾರ, ಸುಳ್ಳೆಂದು ಸಾಬೀತಾಗುವವರೆಗೆ ಮಾತ್ರ ಪಹಣಿಯ ನಮೂದು ನಿಜ. ಹಕ್ಕಿನ ವ್ಯಾಜ್ಯ ಬಗೆಹರಿಸುವುದು ಸಿವಿಲ್ ನ್ಯಾಯಾಲಯ. ಅಲ್ಲಿ ಡಿಕ್ರಿಯಾದರೆ ಅದರಂತೆ ಪಹಣಿ ತಿದ್ದಲೇಬೇಕು.

ಮೇಲ್ಮನವಿಯ 60 ದಿನ ಲೆಕ್ಕಕ್ಕೆ ಬರುವುದು ಆದೇಶ ತಿಳಿಸಿದ ದಿನದಿಂದ. ಆದ್ದರಿಂದ ತಹಸೀಲ್ದಾರರ ಆದೇಶದ ದೃಢೀಕೃತ ನಕಲನ್ನು ಕೂಡಲೇ ಪಡೆದು, ಕೈಗೆ ಬಂದ ತಾರೀಖನ್ನು ಬರೆದಿಟ್ಟುಕೊಳ್ಳಬೇಕು.