ಅಗ್ನಿಪರ್ವತಕ್ಕೆ ಬೈಸಿಕಲ್ ಪ್ರದಕ್ಷಿಣೆ

ಸಂಸ್ಕೃತದಲ್ಲಿ ಬೆಟ್ಟಕ್ಕೆ ‘ಅಚಲ’ವೆಂದು ಹೆಸರು. ಆದರೆ ಕರಗಿ ಹರಿದ, ಕುಸಿದು ಕುಳಿತ ಬೆಟ್ಟಗಳೂ ಲೋಕದಲ್ಲುಂಟು. ಅಮೆರಿಕಾ ದೇಶದ ಒರೆಗಾನ್ ಸಂಸ್ಥಾನದ ನ್ಯೂಬೆರಿ ಅಗ್ನಿಪರ್ವತವು ಅಂಥದು. ಸುಮಾರು ೭೫,೦೦೦ ವರ್ಷಗಳ ಹಿಂದೆ ಅದು ತನ್ನ ಗರ್ಭದ ಶಿಲಾರಸವನ್ನು ಕಾರಿದಾಗ ನೆತ್ತಿಯೇ ಒಳಕ್ಕೆ ಕುಸಿದು ಬಾಣಲೆಯಂತಾಯಿತು. ಈಗ ಅದರೊಳಗೆ ಎರಡು ಸರೋವರಗಳಿವೆ. ಸುಮಾರು ೧,೩೦೦ ವರ್ಷಗಳ ಹಿಂದೆ ಹರಿದು ಕರಿಯ ಗಾಜಾಗಿ ಹೆಪ್ಪುಗಟ್ಟಿದ ಶಿಲಾಪ್ರವಾಹವೂ ಇದೆ.

ಈ ಬಾಣಲೆಯ ಅಂಚಿನಲ್ಲಿ ೨೦ ಮೈಲಿಗೂ ಮಿಕ್ಕ ಕಾಲುದಾರಿಯೊಂದು ಸುತ್ತಿಬರುತ್ತದೆ. ಬೆಟ್ಟದ ಬೈಸಿಕಲ್ಲನ್ನೇರಿದ ಸಾಹಸಿಗಳು ಇದನ್ನು ಒಂದೇ ದಿನದಲ್ಲಿ ಪ್ರದಕ್ಷಿಣೆ ಮಾಡುವರು. ಹಾದಿಯೇನೋ ಸುಲಭವಲ್ಲ. ನೆಲವೆಲ್ಲ ಪ್ಯೂಮಿಸ್ ಎಂಬ ನೊರೆಗಲ್ಲಿನ ಪುಡಿ. ಅನಿಲವುಬ್ಬಿ ರಂಧ್ರಮಯವಾದ ಈ ಕಲ್ಲು ನೀರಿನಲ್ಲಿ ತೇಲುವಷ್ಟು ಹಗುರ. ಒಣಗಿದ ಪುಡಿಯಲ್ಲಿ ಗಾಲಿಯು ಹೂತು ಜಾರುವುದು. ಏರಿನಲ್ಲಿ ಸವಾರನು ಅತಿಯಾಗಿ ಮುಂದೆ ಬಾಗಿದರೆ ಹಿಂದಿನ ಗಾಲಿ ಹಿಡಿತ ತಪ್ಪುವುದು. ಹಿಂದೆ ವಾಲಿದರೆ ಮುಂದಿನ ಗಾಲಿ ಮೇಲೇಳುವುದು. ಸರೋವರಗಳು ಕಣ್ಣೆದುರಿಗೇ ಹೊಳೆಯುತ್ತಿದ್ದರೂ ಅವು ಬಹು ಕೆಳಗೆ. ಆದುದರಿಂದ ಕುಡಿಯುವ ನೀರನ್ನು ಹೊತ್ತೇ ಹೋಗಬೇಕು.

ಸುತ್ತುಹಾದಿಗೊಂದು ವಿಶೇಷವುಂಟು. ಅರ್ಧಕ್ಕೆ ಬಂದವನಿಗೆ ಹಿಂದಣ ದಾರಿಯೂ ಮುಂದಣ ದಾರಿಯೂ ಒಂದೇ ದೂರ. ಅಲ್ಲಿ ಪಶ್ಚಾತ್ತಾಪದಿಂದ ಫಲವಿಲ್ಲ. ಆದಕಾರಣ ನೀರನ್ನೂ ಬಲವನ್ನೂ ಹಗಲಿನ ಹೊತ್ತನ್ನೂ ಮೊದಲ ಕಾಲುಭಾಗದಲ್ಲಿಯೇ ಅಳೆದು ನೋಡತಕ್ಕದ್ದು. ಕಡಿದಾದ ಕಡೆ ಇಳಿದು ತಳ್ಳಿಕೊಂಡು ನಡೆಯುವುದನ್ನು ಅವಮಾನವೆಂದೆಣಿಸಬಾರದು. ಸಾಹಸಕ್ಕೆ ಹೊರಟ ಮಕ್ಕಳಿಗೆ ‘ಹೋಗಬೇಡ’ವೆನ್ನುವುದಕ್ಕಿಂತ ಈ ಲೆಕ್ಕವನ್ನು ಕಲಿಸಿ ಕಳುಹುವುದು ಲೇಸೆಂದು ನಾವು ಗೃಹಸ್ಥರಾದ ವಾಚಕರಲ್ಲಿ ಅರಿಕೆ ಮಾಡುತ್ತೇವೆ.