ವಿಟಮಿನ್ ಸಿ ಮಾತ್ರೆ ನುಂಗಿದರೆ ನೆಗಡಿ ಬರುವುದಿಲ್ಲವೇ?

‘ದಿನವೂ ವಿಟಮಿನ್ ಸಿ ಮಾತ್ರೆ ನುಂಗಿದರೆ ನೆಗಡಿ ಬರುವುದಿಲ್ಲ, ಎರಡು ನೊಬೆಲ್ ಪಡೆದ ವಿಜ್ಞಾನಿಯೇ ಹೇಳಿದ್ದಾರೆ’ ಎಂಬಂಥ ಸಂದೇಶ ನಿಮಗೂ ಬಂದಿರಬಹುದು. ಇದರಲ್ಲಿ ನಿಜವೆಷ್ಟು? ನೋಡೋಣ.

ಆ ವಿಜ್ಞಾನಿ ಲೈನಸ್ ಪೌಲಿಂಗ್. ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯಲ್ಲಿ ದಶಕಗಳ ಕಾಲ ರಸಾಯನಶಾಸ್ತ್ರ ಪ್ರಾಧ್ಯಾಪಕರಾಗಿದ್ದವರು. ಪರಮಾಣುಗಳು ಒಂದಕ್ಕೊಂದು ಹೇಗೆ ಬೆಸೆದುಕೊಳ್ಳುತ್ತವೆ ಎಂಬ ಸಂಶೋಧನೆಗೆ 1954ರ ನೊಬೆಲ್ ಬಂತು. ಅಣ್ವಸ್ತ್ರ ಪರೀಕ್ಷೆಗಳ ವಿರುದ್ಧ ದನಿಯೆತ್ತಿದ್ದಕ್ಕೆ 1962ರ ಶಾಂತಿ ನೊಬೆಲ್. ಎರಡಕ್ಕೂ ವಿಟಮಿನ್‌ಗೂ ಸಂಬಂಧವಿಲ್ಲ.

ನೆಗಡಿಗೆ ವಿಟಮಿನ್ ಸಿ ಮದ್ದು ಎಂದು ಅವರು ಪುಸ್ತಕ ಬರೆದದ್ದು 1970ರಲ್ಲಿ. ಆ ಮಾತನ್ನು ಸಾವಿರಾರು ಜನರ ಮೇಲೆ ಪರೀಕ್ಷಿಸಿ ನೋಡಲಾಗಿದೆ. ದಿನವೂ ಮಾತ್ರೆ ನುಂಗಿದರೂ ಸಾಮಾನ್ಯ ಜನರಿಗೆ ನೆಗಡಿ ಬರುವುದು ತಪ್ಪಲಿಲ್ಲ. ಬಂದ ನೆಗಡಿಯ ಅವಧಿ ದೊಡ್ಡವರಲ್ಲಿ ಸುಮಾರು ಶೇ. 8ರಷ್ಟು ಕಡಿಮೆಯಾಯಿತು, ಅಷ್ಟೇ. ನೆಗಡಿ ಶುರುವಾದ ಮೇಲೆ ನುಂಗಿದವರಲ್ಲಿ ಖಚಿತ ಲಾಭ ಕಾಣಲಿಲ್ಲ.

ವಿಟಮಿನ್ ಸಿ ಕ್ಯಾನ್ಸರ್ ರೋಗಿಗಳ ಆಯಸ್ಸು ಹೆಚ್ಚಿಸುತ್ತದೆ ಎಂದೂ ಪೌಲಿಂಗ್ ಹೇಳಿದ್ದರು. ಮೇಯೋ ಕ್ಲಿನಿಕ್ 1979 ಮತ್ತು 1985ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ದಿನಕ್ಕೆ 10 ಗ್ರಾಂ ನುಂಗಿದ ರೋಗಿಗಳಿಗೂ ಪ್ರಯೋಜನವಾಗಲಿಲ್ಲ. ಇಂಥ ಸಂದೇಶ ನಂಬಿ ಯಾರಾದರೂ ಚಿಕಿತ್ಸೆ ಬಿಟ್ಟರೆ ಪ್ರಾಣಕ್ಕೇ ಅಪಾಯ.

ನಮ್ಮ ದೇಹಕ್ಕೆ ದಿನಕ್ಕೆ 100 ಮಿಲಿಗ್ರಾಂನೊಳಗೆ ಸಾಕು. ಒಂದು ಸೀಬೆಹಣ್ಣಿನಲ್ಲೇ ಅಷ್ಟು ಸಿಗುತ್ತದೆ. 2,000 ಮಿಲಿಗ್ರಾಂ ಮೀರಿದರೆ ಭೇದಿಯಾಗಬಹುದು, ಕೆಲವರಿಗೆ ಮೂತ್ರಪಿಂಡದಲ್ಲಿ ಕಲ್ಲೂ ಆಗಬಹುದು.

ಹೇಳಿದವರು ಯಾರು ಎನ್ನುವುದಕ್ಕಿಂತ, ಪರೀಕ್ಷೆಯಲ್ಲಿ ಏನು ಕಂಡುಬಂತು ಎಂದು ಕೇಳೋಣ. ಆಮೇಲೆ ಫಾರ್ವರ್ಡ್ ಮಾಡೋಣ.